ಮನೆಯೋ, ಬಾಗಿಲೋ

“ಇದು ಯಾವ ಬಣ್ಣ, ಹೇಳಿ ನೋಡೋಣ ಅಜ್ಜಿ?” ಆಯಾ ಹಳದಿ ಕರವಸ್ತ್ರವೊಂದನ್ನು ಬಾವುಟದ ಹಾಗೆ ಎತ್ತಿ ಹಿಡಿದಳು.

ಅತ್ತೆ ಅದನ್ನು ಬಹಳ ಹೊತ್ತು ನೋಡಿದಳು. ತಲೆಯನ್ನು ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು. ಆಮೇಲೆ ತೀರ್ಪು ಓದುವವಳ ಗಾಂಭೀರ್ಯದಲ್ಲಿ ಹೇಳಿದಳು:

“ಮಂಗಳವಾರ.”

ಆಯಾ ನಿಟ್ಟುಸಿರು ಬಿಟ್ಟು ಮುಂದಿನ ಕುರ್ಚಿಗೆ ಹೋದಳು. ಪಕ್ಕದಲ್ಲಿ ಕೂತು ಕರವಸ್ತ್ರಗಳನ್ನು ಮಡಿಸುತ್ತಿದ್ದ ಟೀಚರ್ ತುಟಿ ಅಲುಗಿಸದೆ ಗೊಣಗಿದಳು.

“ಜಾಸ್ತಿ ಆಯ್ತು ಕಣೇ.”

“ಏನು ಜಾಸ್ತಿ?”

“ನಿನ್ನ ನಾಟಕ. ‘ಗೊತ್ತಿಲ್ಲ’ ಅಂದಿದ್ರೆ ಸಾಕಿತ್ತು. ಮಂಗಳವಾರ ಅಂತೆ! ಶಾಲೇಲೂ ಹೀಗೇ. ಮರದ ಪಾತ್ರ ಕೊಟ್ರೆ ನಿಂತ್ಕೊಂಡಿರೋದು ಬಿಟ್ಟು ಕೊಂಬೆ ಆಡಿಸ್ತಿದ್ದೆ.”

ಶಾಲೆಯ ದಿನಗಳಿಂದ ಗೆಳತಿಯಾದ ಈ ನಿವೃತ್ತ ಟೀಚರ್‌ಳ ಮನೆ ಅವಳ ಅರಿವಿಗೇ ಬಾರದೆ ಹೇಗೆ ಕೈ ಬದಲಾಯಿತು ಎಂದು ಪತ್ತೆ ಮಾಡಲು, ಅತ್ತೆ ಮರೆವಿನ ವೇಷ ಹಾಕಿಕೊಂಡು ಈ ಆರೈಕೆ ಮನೆಗೆ ಸೇರಿ ವಾರ ಕಳೆದಿತ್ತು. ಆರೈಕೆ ಮನೆ ಎಂಬುದು ಬೋರ್ಡಿನ ಮೇಲಿನ ಮಾತು. ಇಲ್ಲಿಗೆ ಬಂದವರ ಮನೆ ಕೊನೆಗೆ ಆರ ಕೈಗೆ ಎನ್ನುವುದು ಒಳಗಿನ ಮಾತು.

ಮೂವತ್ತು ವರ್ಷ ವಿಮೆ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ ಮಾಡಿದವಳು ಅತ್ತೆ. ಸೊಂಟ ಮುರಿದಿದೆ ಎಂದವನನ್ನು ಚಲಿಸುವ ಬಸ್ಸಿಗೆ ನೆಗೆಯುವಾಗ ಹಿಡಿದಿದ್ದಳು. ಕುಂಟುತ್ತೇನೆ ಎಂದವನ ಚಪ್ಪಲಿ ಬಿಚ್ಚಿಸಿ, ಎರಡೂ ಅಟ್ಟೆ ಸಮನಾಗಿ ಸವೆದದ್ದನ್ನು ತೋರಿಸಿ, ಅವನನ್ನು ಆಫೀಸಿನಿಂದ ನೆಟ್ಟಗೆ ನಡೆಸಿ ಕಳಿಸಿದ್ದಳು. ಅಣ್ಣನ ಮಗ ಬಾಯ್ತುಂಬ ಕರೆಯುತ್ತಿದ್ದ ‘ಅತ್ತೆ’ ಆಫೀಸಿಗೆಲ್ಲ ಹಬ್ಬಿ ‘ಪತ್ತೆ ಅತ್ತೆ’ಯಾಗಿತ್ತು. ಮದುವೆಯಾಗದೆಯೇ ಊರಿಗೆಲ್ಲ ಅತ್ತೆಯಾದ ಹೆಂಗಸು.

“ಕೇಳಿಲ್ಲಿ,” ಅತ್ತೆ ಕರವಸ್ತ್ರವನ್ನು ಬೇಕೆಂದೇ ಓರೆಯಾಗಿ ಮಡಿಸುತ್ತ ಪಿಸುಗುಟ್ಟಿದಳು. “ಮರೆತವರು ಮರೆಮಾಡ್ತಾರೆ, ನಾಟಕದವರು ಮೆರೆದಾಡ್ತಾರೆ. ಅದೇ ಗುಟ್ಟು. ನಿಜವಾಗಿ ಮರೆತವರು ಮರೆತೆ ಅಂತ ಒಪ್ಪೋದೇ ಇಲ್ಲ. ನಿನ್ನ ಹೆಸರು ಹೊಳೀಲಿಲ್ಲ ಅಂದ್ರೆ ‘ಚೆನ್ನಾಗಿದ್ದೀರಾ, ಮನೇಲೆಲ್ಲ ಆರಾಮಾ’ ಅಂತ ಮಾತು ತೇಲಿಸಿಬಿಡ್ತಾರೆ.”

“ಮತ್ತೆ ನೀನ್ಯಾಕೆ ಮೆರೆದಾಡ್ತಿದ್ದೀಯ?”

“ಇಲ್ಲಿ ನೋಡೋರಿಗೆ ಅಷ್ಟು ಸಾಕು ಕಣೇ. ಕೋರ್ಟಿನ ಡಾಕ್ಟ್ರು ಇವತ್ತು ಬರ್ತಾರೆ ನೋಡು, ಅವರ ಮುಂದೆ ಇದು ನಡಿಯಲ್ಲ. ಅದಕ್ಕೇ ಅವರು ಬರೋದ್ರೊಳಗೆ ಅಳಿಯ ಬಂದು ನನ್ನ ಬಿಡಿಸ್ಕೊಂಡು ಹೋಗ್ತಾನೆ. ಆಮೇಲೆ ನಿನ್ನ ಸರದಿ. ನನ್ನ ಮನೇಲಿ ದೊಡ್ಡ ಕಿಟಕಿ ಇರೋ ಕೋಣೆ ನಿಂದು. ಗೊರಕೆ ಹೊಡೆದ್ರೆ ಬಾಗಿಲು ಹಾಕ್ತೀನಿ, ಅಷ್ಟೇ ಕರಾರು.”

“ಟೀ ಆಯ್ತಾ ನಿಂದು?”

“ಆಗ್ಲೇ ಕೇಳಿದ್ಯಲ್ಲೇ.”

“ನಿನ್ನ ನೋಡಿ ಕಲೀತಿದ್ದೀನಿ,” ಟೀಚರ್ ನಕ್ಕಳು.

ಅತ್ತೆಯೂ ನಕ್ಕಳು. ಅವಳು ನಗಲು ಕಾರಣವಿತ್ತು. ಮೊನ್ನೆ ಮ್ಯಾನೇಜರ್ ಮೇಡಂ ಅವಳನ್ನು ಆಫೀಸಿಗೆ ಕರೆದು, ಮೇಲೆ ರಟ್ಟು ಮುಚ್ಚಿದ ಕಾಗದವೊಂದನ್ನು ಮುಂದಿಟ್ಟು, ಕೆಳಗೆ ಕಾಣುತ್ತಿದ್ದ ಜಾಗದಲ್ಲಿ ಸಹಿ ಕೇಳಿದ್ದರು. ದಾನಪತ್ರ ಎಂಬ ಪದ ರಟ್ಟಿನ ಅಂಚಿನಿಂದ ಇಣುಕುತ್ತಿತ್ತು. ಮೇಡಂ ತನ್ನ ಮನೆಯನ್ನು ನುಂಗಲು ಹೊರಟಿದ್ದಾರೆ ಎಂದು ಅತ್ತೆಗೆ ಖಾತ್ರಿಯಾಯಿತು. ನಡುಗುವ ಕೈಯ ನಾಟಕವಾಡಿ ಸಹಿ ಹಾಕಿದಳು. ಗಾಳಕ್ಕೆ ಎರೆಹುಳು ತಾನೇ. ಮರೆವಿನವಳು ಎಂದು ಇವರದೇ ದಾಖಲೆಯಲ್ಲಿದೆ. ಮರೆವಿನವಳ ಸಹಿಗೆ ಕಾನೂನಿನಲ್ಲಿ ಗಾಳಿಯಷ್ಟೇ ಬೆಲೆ. ಹಾಗಾಗಿ ಮನೆ ಹೋಗುವುದಿಲ್ಲ, ಮೇಡಂ ಸಿಕ್ಕಿಬೀಳುತ್ತಾರೆ. ಲೆಕ್ಕ ಅಷ್ಟು ನೇರವಾಗಿತ್ತು.

ಆಗ ಅವಳ ಕಣ್ಣು ಟೀಚರ್‌ಳ ಎಡಗೈ ಮೇಲೆ ಬಿತ್ತು.

ಹೆಬ್ಬೆಟ್ಟಿನ ಗೆರೆಗಳಲ್ಲಿ ನೇರಳೆ ಬಣ್ಣ. ತೊಳೆದಿದ್ದಾಳೆ, ಉಜ್ಜಿದ್ದಾಳೆ, ಆದರೂ ಉಗುರಿನ ಮೂಲೆಯಲ್ಲಿ ಉಳಿದಿದೆ. ಮುದ್ರೆ ಒತ್ತುವ ಮಸಿ.

“ಏನೇ ಇದು?”

ಟೀಚರ್ ಹೆಬ್ಬೆಟ್ಟನ್ನು ಕರವಸ್ತ್ರದೊಳಗೆ ಮಡಿಸಿಬಿಟ್ಟಳು. “ಪೆನ್ನು ಸೋರಿತು.”

“ಎಡಗೈಗಾ? ನಿನಗೇನು ಬಲಗೈ ರಜೆ ಹಾಕಿತ್ತಾ?”

ಟೀಚರ್ ಮಡಿಸಿದ ಕರವಸ್ತ್ರವನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದಳು. ಹೆಬ್ಬೆಟ್ಟು ಒತ್ತಿ ಕೊಡಲು ಇವಳ ಬಳಿ ಇನ್ನೇನು ಉಳಿದಿದೆ? ಮನೆ ಹೋಗಿ ವರ್ಷವಾಯಿತು. ಮೈಮೇಲಿನ ಸೀರೆ ಬಿಟ್ಟರೆ ಅವಳ ಹೆಸರಿನಲ್ಲಿ ಏನೂ ಇಲ್ಲ. ಏನೂ ಇಲ್ಲದವಳ ಹೆಬ್ಬೆಟ್ಟು ಯಾರಿಗೆ ಬೇಕಾಯಿತು?

“ಮಂಗಳವಾರದ ಅಜ್ಜಿ,” ಆಯಾ ದೂರದಿಂದ ಕೂಗಿದಳು, “ನಿಮ್ಮನ್ನ ನೋಡೋಕೆ ಬಂದಿದ್ದಾರೆ!”

ಭೇಟಿ ಕೋಣೆಯ ಬಾಗಿಲಿಗೆ ಒಳಗಡೆಯಿಂದ ಹಿಡಿ ಇರಲಿಲ್ಲ. ಹೊರಗಿನಿಂದ ಸಂಖ್ಯೆ ಒತ್ತಿದರೆ ತೆರೆಯುತ್ತದೆ, ಒಳಗಿನಿಂದ ನೋಡಿದರೆ ಅದು ಬಾಗಿಲ ಆಕಾರದ ಗೋಡೆ. ಕಿಟಕಿ ಒಂದು ಅಂಗೈಯಷ್ಟು ಮಾತ್ರ ತೆರೆದುಕೊಳ್ಳುತ್ತದೆ. ಗಾಳಿಗೆ ಅನುಮತಿ ಉಂಟು, ಕೈಗೆ ಇಲ್ಲ. ಮೂಲೆಯ ಗಾಜಿನ ತೊಟ್ಟಿಯಲ್ಲಿ ಒಂಟಿ ಮೀನು ಸುತ್ತುತ್ತಿತ್ತು.

ಒಳಗೆ ಮೂವರಿದ್ದರು. ಒಬ್ಬ ಅಳಿಯ, ಅಂದರೆ ಅಣ್ಣನ ಮಗ. ಕನ್ನಡಕದ ಅಂಗಡಿಯವನು. ಎರಡನೆಯವರು ಮ್ಯಾನೇಜರ್, ಮಾತಿಗೆ ಮುಂಚೆ ‘ಚಿನ್ನ’, ಮಾತಾದ ಮೇಲೆ ‘ಬಂಗಾರ’ ಎನ್ನುವ ಅವರಿಗೆ ಅತ್ತೆ ಇಟ್ಟ ಹೆಸರು ಸಕ್ಕರೆ ಮೇಡಂ. ಮೂರನೆಯವರು ವಕೀಲರು. ಅವರ ಬಿಳಿ ಮೀಸೆ ಎಷ್ಟು ದಪ್ಪವೆಂದರೆ ಅದರ ಹಿಂದೆ ತುಟಿ ನಗುತ್ತಿದೆಯೋ ಬೈಯುತ್ತಿದೆಯೋ ಎಂದು ಅವರ ಹೆಂಡತಿಗೂ ಗೊತ್ತಾಗಲಿಕ್ಕಿಲ್ಲ.

ಯೋಜನೆಯಲ್ಲಿ ವಕೀಲರು ಇರಲಿಲ್ಲ.

ಅತ್ತೆ ವೇಷ ಬಿಡಲಿಲ್ಲ. ಬಾಯಿ ಸ್ವಲ್ಪ ತೆರೆದು, ಅಳಿಯನನ್ನು ಆಪಾದಮಸ್ತಕ ನೋಡಿ, “ನೀನು ಹಾಲಿನವನಾ?” ಎಂದಳು. ಮೇಡಂಗೆ ಕಾಣದ ಕಡೆಯ ಕಣ್ಣನ್ನು ಮಿಟುಕಿಸಿದಳು.

ಅಳಿಯ ನಗಲಿಲ್ಲ. “ಸಾಕು ಅತ್ತೆ. ಇವರಿಗೆಲ್ಲ ಗೊತ್ತು.”

“ಏನು ಗೊತ್ತು?”

“ನಿಮಗೆ ಎಲ್ಲಾ ಗೊತ್ತು ಅಂತ ಗೊತ್ತು.”

ಮೀನು ಒಂದು ಸುತ್ತು ಹಾಕಿತು. ಅತ್ತೆಯ ಬಾಯಿ ತಾನಾಗಿ ಮುಚ್ಚಿತು. ಅವಳು ಸೋಫಾದ ಮೇಲೆ ಕೂತಳು. ಪ್ಲಾಸ್ಟಿಕ್ ಹೊದಿಕೆ ಅವಳ ಪರವಾಗಿ ಕಿರುಗುಟ್ಟಿತು.

“ಸರಿ,” ಎಂದಳು ತನ್ನ ನಿಜವಾದ ದನಿಯಲ್ಲಿ. “ನನ್ನ ಬ್ಯಾಗು ರೆಡಿ ಇದೆ. ನಡಿಯೋ ಹೋಗೋಣ.”

“ಕೂತ್ಕೊಳ್ಳಿ ಚಿನ್ನ, ಟೀ ಬರ್ತಿದೆ,” ಸಕ್ಕರೆ ಮೇಡಂ ಎಂದರು. “ಆತುರ ಏನು ಬಂಗಾರ?”

ವಕೀಲರು ಗಂಟಲು ಸರಿಮಾಡಿಕೊಂಡರು. “ತಾಯಿ, ನಿಮ್ಮನ್ನ ಇಲ್ಲಿ ಸೇರಿಸುವಾಗ ನಿಮ್ಮ ಅಳಿಯ ತಾತ್ಕಾಲಿಕ ಪಾಲಕ ಅಂತ ಕೋರ್ಟಿಗೆ ಅರ್ಜಿ ಕೊಟ್ಟಿದ್ದಾರೆ. ನೀವೇ ಕೊಡಿಸಿದ್ದು.”

“ಪಾಲಕ ಬೇಕು ಅಂತ ನಿಮ್ಮ ನಿಯಮ ಇತ್ತು, ಕೊಡಿಸ್ದೆ. ಪಾಲಕ ಅಂದ್ರೆ ಪಾಲು ಕೇಳೋನು ಅಂತ ಆಗ ಹೊಳೀಲಿಲ್ಲ.”

ಮೀಸೆ ಅಲುಗಿತು. ಬಹುಶಃ ನಗು. “ಇವತ್ತು ಕೋರ್ಟಿನ ಡಾಕ್ಟ್ರು ಕೇಳೋದು ಒಂದೇ. ನಿಮ್ಮ ಬುದ್ಧಿ ಸ್ಥಿಮಿತದಲ್ಲಿದೆಯಾ, ಇಲ್ವಾ? ಇದೆ ಅಂತ ತೋರಿಸಿದ್ರೆ ಬಹಳ ಸಂತೋಷ. ಬಾಗಿಲು ತೆಗೀತೀವಿ. ಈಗಿಂದೀಗಲೇ ಹೊರಡಬಹುದು.”

“ನನ್ನ ಮನೆಗೆ.”

“ಎಲ್ಲಿಗೆ ಬೇಕಾದ್ರೂ. ಆದ್ರೆ ಅದು ನಿಮ್ಮ ಮನೆ ಅಲ್ಲ.” ವಕೀಲರು ಫೈಲಿನಿಂದ ಕಾಗದ ತೆಗೆದರು. ಈ ಸಲ ರಟ್ಟು ಇರಲಿಲ್ಲ. ಅತ್ತೆಯ ಎರಡು ಕೋಣೆಯ ಮನೆಯನ್ನು ಪ್ರೀತಿಪೂರ್ವಕವಾಗಿ ದಾನ ಪಡೆದವರ ಜಾಗದಲ್ಲಿ ಮೇಡಂ ಹೆಸರನ್ನು ಹುಡುಕಿದ ಅವಳ ಕಣ್ಣು ಇನ್ನೊಂದು ಹೆಸರಿಗೆ ತಾಗಿ ನಿಂತಿತು.

ಅಳಿಯನ ಹೆಸರು.

ಊರಿಗೆಲ್ಲ ಕಣ್ಣು ಹೊಂದಿಸಿ ಕೊಡುವವನು ಮೇಡಂ ಜೊತೆ ಪಾಲು ಮಾತಾಡಿಕೊಂಡು ಅತ್ತೆಯ ಕಣ್ಣಿಗೇ ಮಣ್ಣೆರಚಿದ್ದ.

“ಲೋ,” ಎಂದಳು ಅತ್ತೆ. ಅವನು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಅವಳು.

“ಪ್ರತಿ ಭಾನುವಾರ ಬಂದೆ ಅತ್ತೆ,” ಅಳಿಯ ಮೀನಿನ ತೊಟ್ಟಿಯನ್ನು ನೋಡುತ್ತ ಹೇಳಿದ. “ಬಲ್ಬ್ ಹಾಕ್ದೆ. ಆಸ್ಪತ್ರೇಲಿ ಕಾದೆ. ಬ್ಯಾಂಕಲ್ಲಿ ಕ್ಯೂ ನಿಂತೆ. ಹೊರಡುವಾಗೆಲ್ಲ ಏನಂತಿದ್ರಿ? ‘ಎಲ್ಲಾ ನಿಂದೇ ಕಣೋ, ವಿಲ್ ಬರೆಸ್ತೀನಿ.’ ವಿಲ್ ಅನ್ನೋ ಬಿಲ್ಲು ಎತ್ತಿದ್ದೇ ಎತ್ತಿದ್ದು. ಬಾಣ ಬಿಡಲೇ ಇಲ್ಲ.”

“ಬಾಯಿಬಿಟ್ಟು ಕೇಳಿದ್ರೆ ಕೊಡ್ತಿರಲಿಲ್ವಾ?”

“ಕೇಳಿದ್ನಲ್ಲ. ‘ಆಮೇಲೆ ನೋಡೋಣ’ ಅಂದ್ರಿ. ಆ ಆಮೇಲೆ ಇವತ್ತು ಬಂದಿದೆ.”

ಅತ್ತೆಗೆ ಚುಚ್ಚಿತು, ಏಕೆಂದರೆ ಅರ್ಧ ನಿಜವಿತ್ತು. ವಿಲ್ ಬರೆದುಬಿಟ್ಟರೆ ಭಾನುವಾರಗಳು ನಿಂತುಹೋಗುತ್ತವೆ ಎಂದು ಅವಳು ಹೆದರಿದ್ದಳು. ಹಾಗೆಂದು ಯಾರಿಗೂ ಹೇಳಿರಲಿಲ್ಲ. ತನಗೂ ಪೂರ್ತಿ ಹೇಳಿಕೊಂಡಿರಲಿಲ್ಲ.

ಆದರೆ ಇದು ಮರುಗುವ ಹೊತ್ತಲ್ಲ. ಅವಳು ತನಿಖೆಯವಳ ಬೆನ್ನನ್ನು ನೆಟ್ಟಗೆ ಮಾಡಿದಳು.

“ವಕೀಲರೇ, ಆ ಸಹಿ ಹಾಕಿದ್ದು ಮರೆವಿನವಳು. ಇದೇ ಮನೆಯ ದಾಖಲೇಲಿ ಇದೆ. ಆ ಪತ್ರ ನಿಲ್ಲಲ್ಲ.”

ವಕೀಲರು ಅಳಿಯನ ಕಡೆ ತಿರುಗಿದರು. ಅಳಿಯ ಮೊಬೈಲ್ ತೆಗೆದ. ಪರದೆಯ ಮೇಲೆ ಅವನ ಅಂಗಡಿ. ಗೋಡೆಯ ಮೇಲಿನ ದೊಡ್ಡ ಅಕ್ಷರ ಸಣ್ಣ ಅಕ್ಷರದ ಪಟ್ಟಿ. ಅದರ ಮುಂದೆ ಅತ್ತೆ. ‘ಅ’ ತೋರಿಸಿದರೆ ‘ಆನೆ’ ಎನ್ನುತ್ತಾಳೆ, ‘ಕ’ ತೋರಿಸಿದರೆ ‘ಕ್ಷಮಿಸಿ’ ಎನ್ನುತ್ತಾಳೆ, ಹೊಟ್ಟೆ ಹಿಡಿದು ನಗುತ್ತಾಳೆ. ‘ಹೆಂಗಿದೆಯೋ ನನ್ನ ಮರೆವು? ಆ ಮೇಡಂ ಏನು ಸಹಿ ಕೇಳಿದ್ರೂ ಹಾಕಿಬಿಡ್ತೀನಿ ನೋಡು!’

ಕೇಸಿಗೆ ಬೇಕಾಗುತ್ತದೆ ಎಂದು ಅವನು ತೆಗೆದಿದ್ದ ವಿಡಿಯೋ. ಬೇಕಾಗಿತ್ತು ನಿಜ. ಯಾರ ಕೇಸಿಗೆ ಎಂದು ಅವಳು ಕೇಳಿರಲಿಲ್ಲ.

“ವೇಷ ಹಾಕೋಕೆ ಬುದ್ಧಿ ಬೇಕು ತಾಯಿ,” ವಕೀಲರು ಮೃದುವಾಗಿ ಹೇಳಿದರು. “ಮರೆವನ್ನ ಇಷ್ಟು ಚೆಂದ ಆಡಬೇಕಾದ್ರೆ ನೆನಪು ಎಷ್ಟು ಗಟ್ಟಿ ಇರಬೇಕು! ಇವತ್ತು ಸ್ಥಿಮಿತದಲ್ಲಿದ್ದೀನಿ ಅಂದ್ರೆ ಮೊನ್ನೇನೂ ಇದ್ರಿ. ದಾನಪತ್ರ ನಿಲ್ಲತ್ತೆ, ಮನೆ ಹೋಗತ್ತೆ.”

“ಇಲ್ಲ ಅಂದ್ರೆ?”

“ಪತ್ರ ಬೀಳತ್ತೆ. ಮನೆ ನಿಮ್ಮದೇ. ಆದ್ರೆ ನೀವು ಇಲ್ಲೇ. ಅಳಿಯ ಖಾಯಂ ಪಾಲಕ. ಮನೆ ಕೀಲಿನೂ ಅವರ ಹತ್ರ, ನಿಮ್ಮ ಕೀಲಿನೂ ಅವರ ಹತ್ರ.”

“ಅಂದ್ರೆ ಮನೆ ಬೇಕಾದ್ರೆ ಬಾಗಿಲಿಲ್ಲ. ಬಾಗಿಲು ಬೇಕಾದ್ರೆ ಮನೆ ಇಲ್ಲ.”

“ಎಷ್ಟು ಬೇಗ ಅರ್ಥ ಮಾಡ್ಕೊಂಡ್ರಿ ಚಿನ್ನ!” ಸಕ್ಕರೆ ಮೇಡಂ ಕೈ ಜೋಡಿಸಿದರು. “ನಮ್ಮಲ್ಲಿ ಎಲ್ಲರಿಗೂ ಇಷ್ಟು ಬೇಗ ಆಗಲ್ಲ ಬಂಗಾರ.”

ಅತ್ತ ದರಿ, ಇತ್ತ ಪುಲಿ. ನಡುವೆ ಅತ್ತೆ.

ಅವಳ ತಲೆ ಓಡಿತು. ಹೊರಗೆ ಹೋದರೆ ತಾನು ಹೇಗೋ ಬದುಕಬಹುದು. ಆದರೆ ಟೀಚರ್? ದೊಡ್ಡ ಕಿಟಕಿಯ ಕೋಣೆ ಕೊಡುತ್ತೇನೆ ಎಂದು ಈಗಷ್ಟೇ ಹೇಳಿ ಬಂದಿದ್ದಾಳೆ. ಆ ಕೋಣೆ ಅಳಿಯನದಾದರೆ ಅವಳನ್ನು ಎಲ್ಲಿಗೆ ಕರೆದೊಯ್ಯುವುದು? ಸುಳ್ಳು ಕ್ಲೇಮು ಎಷ್ಟೇ ಗಟ್ಟಿ ಕಂಡರೂ ಒಂದು ಹೊಲಿಗೆ ಸಡಿಲ ಇದ್ದೇ ಇರುತ್ತದೆ. ಈ ಪತ್ರದಲ್ಲಿ ಎಲ್ಲಿ?

“ಸಾಕ್ಷಿ!” ಎಂದಳು. “ದಾನಪತ್ರಕ್ಕೆ ಸಾಕ್ಷಿ ಬೇಕು. ನಾನು ಸಹಿ ಹಾಕುವಾಗ ಕೋಣೇಲಿ ಈ ಮೇಡಂ ಒಬ್ರೇ ಇದ್ದಿದ್ದು. ಮೇಡಂ ಸಾಕ್ಷಿ ಹಾಕಿದ್ರೆ ಅದು ಬೆಕ್ಕು ಹಾಲಿಗೆ ಹಾಕಿದ ಸಾಕ್ಷಿ.”

“ನಮ್ಮ ಸಿಬ್ಬಂದಿ ಯಾರೂ ಹಾಕಲ್ಲ ಚಿನ್ನ. ಅದು ತಪ್ಪಾಗತ್ತೆ,” ಮೇಡಂ ಟೀ ಕಪ್ಪನ್ನು ಅವಳ ಮುಂದೆ ಸರಿಸಿದರು. “ಇಲ್ಲಿ ಇರೋರೇ ಯಾರಾದ್ರೂ ಹಾಕ್ತಾರೆ. ಫೀಸು ಕಟ್ಟೋಕೆ ಆಗದವರು ಇರ್ತಾರಲ್ಲ ಪಾಪ. ಅವರು ನಮಗೆ ಒಂದು ಹೆಬ್ಬೆಟ್ಟು ಕೊಡ್ತಾರೆ, ನಾವು ಅವರಿಗೆ ಒಂದು ತಿಂಗಳು ಹಾಸಿಗೆ ಕೊಡ್ತೀವಿ. ಬೀದಿಗೆ ಹಾಕೋಕಾಗತ್ತಾ ಬಂಗಾರ?”

ನೇರಳೆ ಮಸಿ.

ಅತ್ತೆ ಕಪ್ಪನ್ನು ಮುಟ್ಟಲಿಲ್ಲ. ವರ್ಷದಿಂದ ಈ ಮನೆಯಲ್ಲಿ ದಾನವಾದ ಒಂದೊಂದು ಮನೆಗೂ ಟೀಚರ್ ಸಾಕ್ಷಿ. ತನ್ನದನ್ನು ಕಳೆದುಕೊಂಡವಳ ಹೆಬ್ಬೆಟ್ಟಿನಿಂದಲೇ ಮುಂದಿನವರದನ್ನು ಕಳೆಯಿಸುವುದು. ಇವರು ಸಾಕ್ಷಿ ಹುಡುಕುವುದಿಲ್ಲ, ಸಾಕುತ್ತಾರೆ. ಯಾರ ಪತ್ರವೆಂದು ಅವಳಿಗೂ ರಟ್ಟು ಮುಚ್ಚಿಯೇ ತೋರಿಸಿದ್ದಾರೆ; ಈ ಸಲದ್ದು ಗೆಳತಿಯದೇ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ಬಾಗಿಲು ತೆರೆಯಿತು. ಕೋರ್ಟಿನ ಡಾಕ್ಟರು ಬಂದೇಬಿಟ್ಟರು.

ಡಾಕ್ಟರು ನಡುವಯಸ್ಸಿನ ಹೆಂಗಸು. ಇನ್ನೂ ನಾಲ್ಕು ಕಡೆ ಹೋಗಬೇಕಾದವರ ಹಾಗೆ ಕೂರುವ ಮುನ್ನವೇ ಪೆನ್ನು ತೆರೆದರು. ವಕೀಲರು ದಾನಪತ್ರವನ್ನು ಅವರ ಮುಂದಿಟ್ಟರು. ಈ ತಾಯಿ ಮೊನ್ನೆ ಪೂರ್ತಿ ಸ್ಥಿಮಿತದಲ್ಲಿದ್ದರು, ಸಾಕ್ಷಿಯಿದೆ ಎಂದರು.

“ಹಾಗಿದ್ರೆ ಮೊದಲು ಸಾಕ್ಷೀನ ಕರೀರಿ,” ಡಾಕ್ಟರು ಹೇಳಿದರು. “ಅವರು ಸರಿ ಇದ್ರೆ ಈ ಪತ್ರಾನ ನನ್ನ ವರದೀಲಿ ಸೇರಿಸ್ತೀನಿ. ಸರಿ ಇಲ್ಲ ಅಂದ್ರೆ ಇದು ಬರೀ ಕಾಗದ.”

ಆಯಾ ಟೀಚರ್‌ಳನ್ನು ಕೈಹಿಡಿದು ಕರೆತಂದಳು. ಮೇಡಂ ಎದ್ದು ಕುರ್ಚಿ ಸರಿಸಿ, “ಬನ್ನಿ ಚಿನ್ನ” ಎಂದರು. ಟೀಚರ್ ಕೂತು, ಮಡಿಲಲ್ಲಿ ಕೈ ಜೋಡಿಸಿಕೊಂಡಳು.

“ಅಮ್ಮಾ, ಈ ಹೆಬ್ಬೆಟ್ಟು ನಿಮ್ಮದಾ?”

“ಇರಬೇಕು.”

“ಮೊನ್ನೆ ಇವರು ಸಹಿ ಹಾಕಿದ್ದನ್ನ ನೀವು ನೋಡಿದ್ರಾ?” ಡಾಕ್ಟರು ಅತ್ತೆಯ ಕಡೆ ಕೈ ತೋರಿಸಿದರು.

ಟೀಚರ್ ಕನ್ನಡಕ ಸರಿಮಾಡಿಕೊಂಡು ಅತ್ತೆಯನ್ನು ನೋಡಿದಳು. ಅತ್ತೆ ಅವಳನ್ನು ನೋಡಿದಳು. ನೋಡಿದೆ ಎಂದರೆ ಮನೆ ಹೋಯಿತು. ನೋಡಿಲ್ಲ, ಹೆಬ್ಬೆಟ್ಟು ಸುಳ್ಳು ಎಂದರೆ ಹಿಂದಿನ ಎಲ್ಲ ಹೆಬ್ಬೆಟ್ಟಿಗೂ ಅವಳೇ ಹೊಣೆ.

ಟೀಚರ್‌ಳ ಮುಖದಲ್ಲಿ ಒಂದು ಸಣ್ಣ ನಗು ಹರಡಿತು. ಬಸ್ ನಿಲ್ದಾಣದಲ್ಲಿ ಯಾರೋ ಗುರುತಿನವರಂತೆ ಕಂಡಾಗ ಮೂಡುವಂಥ ನಗು.

“ಓ... ಚೆನ್ನಾಗಿದ್ದೀರಾ? ಮನೇಲೆಲ್ಲ ಆರಾಮಾ?”

ಅತ್ತೆಯ ಎದೆ ಧಸಕ್ಕೆಂದಿತು. ಮರುಕ್ಷಣ ಅದೇ ಎದೆ ಕುಣಿಯಿತು. ಕಳ್ಳಿ! ಬೆಳಿಗ್ಗೆ ಹೇಳಿಕೊಟ್ಟ ಪಾಠವನ್ನು ಮಧ್ಯಾಹ್ನದೊಳಗೆ ಒಪ್ಪಿಸುತ್ತಿದ್ದಾಳೆ!

“ಟೀಚರ್, ಇವರು ಯಾರು ಗೊತ್ತಾಗ್ಲಿಲ್ವಾ?” ಮೇಡಂ ದನಿಯಲ್ಲಿ ಸಕ್ಕರೆ ಸ್ವಲ್ಪ ಕರಗಿತು. “ದಿನಾ ಜೊತೇಲಿ ಕೂತು ಟೀ ಕುಡೀತೀರಲ್ಲ!”

“ಹೌದು ಹೌದು. ಟೀ ಚೆನ್ನಾಗಿತ್ತು.”

“ಇವರ ಹೆಸರೇನು ಹೇಳಿ?”

“ಹೆಸರಿಗೇನು, ದೊಡ್ಡ ಮನುಷ್ಯರು. ಮುಖ ನೋಡಿದ್ರೆ ಗೊತ್ತಾಗಲ್ವಾ?”

ಎಷ್ಟು ಹದ! ಒಂದು ಕೊಂಬೆಯೂ ಆಡಲಿಲ್ಲ. ಡಾಕ್ಟರು ಇನ್ನೂ ಕೆಲವು ಪ್ರಶ್ನೆ ಕೇಳಿದರು, ಟೀಚರ್ ಎಲ್ಲವನ್ನೂ ಉಪಚಾರದ ಮಾತಿನಲ್ಲಿ ತೇಲಿಸಿ ದಡಕ್ಕೆ ಬಿಟ್ಟಳು. ವಕೀಲರ ಮೀಸೆ ಎರಡೂ ಕಡೆ ಇಳಿಬಿತ್ತು. ಅಳಿಯ ಎದ್ದು ನಿಂತ.

“ಈ ಸಾಕ್ಷಿ ನಡಿಯಲ್ಲ,” ಡಾಕ್ಟರು ಕಾಗದವನ್ನು ಪಕ್ಕಕ್ಕೆ ಸರಿಸಿದರು. “ಪತ್ರಾನ ನಾನು ಲೆಕ್ಕಕ್ಕೆ ತಗೊಳ್ಳಲ್ಲ.”

ಪತ್ರ ಬಿತ್ತು. ಅತ್ತೆಗೆ ಎದ್ದು ಕುಣಿಯಬೇಕೆನಿಸಿತು. ಇನ್ನು ತಾನು ಧೈರ್ಯವಾಗಿ ಸ್ಥಿಮಿತದಲ್ಲಿದ್ದೇನೆ ಎನ್ನಬಹುದು. ಮನೆಯೂ ತನ್ನದು, ಬಾಗಿಲೂ ತನ್ನದು.

“ಮತ್ತೆ ಮೇಡಂ,” ಡಾಕ್ಟರು ಬರೆಯುತ್ತಲೇ ಹೇಳಿದರು, “ಜೊತೇಲಿ ಕೂತು ಟೀ ಕುಡಿಯೋರನ್ನೇ ಗುರುತಿಸದವರನ್ನ ನೀವು ಕೆಳಗಡೆ ಇಟ್ಕೊಂಡಿದ್ದೀರಲ್ಲ? ಇವರನ್ನ ಇವತ್ತೇ ಮೇಲಿನ ಮಹಡಿಗೆ ಕಳಿಸಿ.”

ಸಕ್ಕರೆ ಮೇಡಂ ತಡವರಿಸಿದ್ದು ಒಂದೇ ಕ್ಷಣ. ಸಕ್ಕರೆ ಮತ್ತೆ ಹರಳುಗಟ್ಟಿತು. “ಖಂಡಿತ ಡಾಕ್ಟ್ರೇ. ಮೇಲೆ ಬೀಗದ ಮಹಡಿ, ತುಂಬಾ ಭದ್ರ.” ಅವರು ಅತ್ತೆಯನ್ನೇ ನೋಡುತ್ತ ಮುಂದುವರಿಸಿದರು. “ಅಲ್ಲಿಗೆ ಹೋದವರನ್ನ ನೋಡಬೇಕು ಅಂದ್ರೆ ಪಾಲಕರ ಒಪ್ಪಿಗೆ ಬೇಕು. ಟೀಚರ್‌ಗೆ ಯಾರೂ ಇಲ್ವಲ್ಲ ಪಾಪ. ಅವರಿಗೆ ನಾನೇ ಪಾಲಕಿ.”

ಟೀಚರ್ ನಗುತ್ತಲೇ ಇದ್ದಳು.

ಅತ್ತೆಗೆ ಈಗ ಅರ್ಥವಾಯಿತು. ಇವಳು ಲೆಕ್ಕ ಹಾಕಿಯೇ ಬಂದಿದ್ದಾಳೆ. ತಾನು ಮೇಲೆ ಹೋಗಿ ಗೆಳತಿಯನ್ನು ಹೊರಗೆ ಕಳಿಸುವ ಲೆಕ್ಕ. ಹೊರಗೆ ಹೋದ ಮೇಲೆ ಈ ಬಾಗಿಲಿನಿಂದ ನಾಲ್ಕು ಹೆಜ್ಜೆ ಆಚೆ ನಿಂತರೂ ಮುಂದೆಂದೂ ಅವಳ ಮುಖ ನೋಡಲಾಗದು. ಇದು ನಾಟಕ ಡಾಕ್ಟ್ರೇ ಎಂದು ಈಗಲೇ ಕೂಗಿಬಿಟ್ಟರೆ? ಆಗ ಸಾಕ್ಷಿ ಸರಿಯಾಗುತ್ತದೆ, ಪತ್ರ ಎದ್ದು ಕೂರುತ್ತದೆ, ಮನೆ ಅಳಿಯನ ಜೇಬಿಗೆ. ಇಬ್ಬರಿಗೂ ಬೀದಿ.

“ಈಗ ನೀವು,” ಡಾಕ್ಟರು ಅತ್ತೆಯ ಕಡೆ ತಿರುಗಿದರು. “ಅಮ್ಮಾ, ನಿಮ್ಮ ಎದುರಿಗೆ ಕೂತಿದ್ದಾರಲ್ಲ, ಇವರು ಯಾರು ಹೇಳಿ?”

ಅಳಿಯನ ಕಣ್ಣು ಅವಳ ಮೇಲೆ. ಮೀಸೆಯ ಕಣ್ಣು ಅವಳ ಮೇಲೆ. ‘ಇವಳು ನನ್ನ ಬಾಲ್ಯದ ಗೆಳತಿ’ ಎಂದರೆ ಸಾಕು. ಬಾಗಿಲು ತೆರೆಯುತ್ತದೆ. ಮನೆ ಕಾಯುತ್ತಿದೆ. ದೊಡ್ಡ ಕಿಟಕಿಯ ಕೋಣೆ ಖಾಲಿ ಇರುತ್ತದೆ, ಯಾವತ್ತಿಗೂ.

ಬುದ್ಧಿ ನೆಟ್ಟಗಿರುವ ಇಬ್ಬರು ಮುದುಕಿಯರು ಒಟ್ಟಿಗೆ ಒಳಗಿದ್ದರೆ ಯಾವ ಬೀಗ ಎಷ್ಟು ದಿನ ತಡೆದೀತು? ಅತ್ತೆ ಬೆನ್ನನ್ನು ಸಡಿಲ ಬಿಟ್ಟಳು. ಈ ಸಲ ಕೊಂಬೆ ಆಡಿಸಲಿಲ್ಲ. ಟೀಚರ್‌ಳ ಕಡೆ ನೋಡಿ, ಬಸ್ ನಿಲ್ದಾಣದ ಅದೇ ನಗು ನಕ್ಕಳು.

“ಓ, ನೀವಾ? ಬನ್ನಿ ಬನ್ನಿ. ಎಲ್ಲಾ ಕ್ಷೇಮಾನಾ?”

“ಅತ್ತೆ!” ಅಳಿಯ ಕಿರುಚಿದ. “ನಾಟಕ ಡಾಕ್ಟ್ರೇ ಇದು! ಪೂರ್ತಿ ನಾಟಕ! ವಿಡಿಯೋ ಇದೆ ನನ್ನ ಹತ್ರ!”

ಡಾಕ್ಟರು ಫೈಲಿನ ಹಾಳೆ ತಿರುಗಿಸಿದರು. “ಇವರಿಗೆ ಮರೆವು, ನಾನೇ ಪಾಲಕ ಆಗ್ತೀನಿ ಅಂತ ಕೋರ್ಟಿಗೆ ಪ್ರಮಾಣ ಮಾಡಿದ್ದು ನೀವೇ ಅಲ್ವಾ? ಯಾವುದು ಸುಳ್ಳು ಅಂತ ಬರ್ಕೊಳ್ಳಲಿ? ಆಗಿಂದಾ, ಈಗಿಂದಾ?”

ಅಳಿಯ ಕೂತ. ಸೋಫಾ ಕಿರುಗುಟ್ಟಿತು. ವಕೀಲರು ಅವನಿಂದ ಒಂದು ಗೇಣು ದೂರ ಸರಿದರು.

“ಇಬ್ಬರನ್ನೂ ಮೇಲಕ್ಕೆ ಕಳಿಸಿ,” ಡಾಕ್ಟರು ಪೆನ್ನು ಮುಚ್ಚಿದರು.

ಹಜಾರದ ಕೊನೆಯಲ್ಲಿ ಲಿಫ್ಟ್. ಒಳಗೆ ಕನ್ನಡಿಯಿಲ್ಲ, ಒಂದೇ ಒಂದು ಗುಂಡಿ. ಆಯಾ ಇಬ್ಬರನ್ನೂ ಒಳಗೆ ನಿಲ್ಲಿಸಿ, ಗುಂಡಿ ಒತ್ತಿ, “ಅಯ್ಯೋ, ಟೀಚರ್ ಶಾಲು ಮರೆತೆ! ಮೆಟ್ಟಿಲು ಹತ್ತಿ ಬರ್ತೀನಿ, ಮೇಲೆ ಇಳ್ಕೊಂಡು ಅಲ್ಲೇ ನಿಂತಿರಿ!” ಎಂದು ಹೊರಗೆ ಹಾರಿದಳು.

ಬಾಗಿಲು ಮುಚ್ಚಿತು. ಪೆಟ್ಟಿಗೆ ಒಮ್ಮೆ ನಡುಗಿ ಮೇಲೇರತೊಡಗಿತು.

ಅತ್ತೆ ಇನ್ನು ತಡೆಯಲಾರದೆ ಟೀಚರ್‌ಳ ತೋಳು ಹಿಡಿದು ಅಲುಗಿಸಿದಳು. ನಗು, ಅಳು ಎರಡೂ ಒಟ್ಟಿಗೆ ಬಂದವು.

“ಎಂಥಾ ನಟಿಯೇ ನೀನು! ನನ್ನನ್ನೇ ಬೆಚ್ಚಿಬೀಳಿಸಿದ್ಯಲ್ಲ! ಒಬ್ಳೇ ಮೇಲೆ ಹೋಗ್ತೀನಿ ಅಂತ ಹೊರಟಿದ್ಯಾ ಕತ್ತೆ? ಸಾಕು ಬಿಡು ಈಗ, ಯಾರೂ ಇಲ್ಲ. ಇಬ್ಬರೇ.”

ಟೀಚರ್ ತನ್ನ ತೋಳಿನ ಮೇಲಿದ್ದ ಕೈಯನ್ನು ನೋಡಿದಳು. ಅದನ್ನು ನೋಯದ ಹಾಗೆ, ಬಹಳ ಮರ್ಯಾದೆಯಿಂದ ಬಿಡಿಸಿದಳು. ಮುಖದ ಮೇಲೆ ಅದೇ ನಗು.

“ತಾಯಿ,” ಎಂದಳು, “ನೀವು ಯಾವ ಮಹಡಿಗೆ ಹೋಗಬೇಕು?”